ಸಾಯದೇ ಉಳಿದ ಟಿ ಕೋಶಗಳು: ಫಾಸ್ ಪ್ರೊಟೀನ್‌ನ ಕಥೆ

[ಪರದೆ ಮೇಲೆ: ಅಕ್ಕಪಕ್ಕ ಎರಡು ಇಲಿಗಳು]

ಬಲಗಡೆ ಇರೋ ಇಲಿಯ ಕತ್ತು ನೋಡಿ, ಕಂಕುಳು ನೋಡಿ. ಗಂಟು ಗಂಟು. ಸೋಂಕು ಅಲ್ಲ. ಸಾಯಬೇಕಿದ್ದ ಟಿ ಕೋಶಗಳು, ಅಂದ್ರೆ ಸೋಂಕಿನ ವಿರುದ್ಧ ಹೋರಾಡೋ ಒಂದು ಬಗೆಯ ಬಿಳಿ ರಕ್ತಕಣಗಳು, ಸಾಯದೆ ದುಗ್ಧರಸ ಗ್ರಂಥಿಗಳಲ್ಲಿ (ಲಿಂಫ್ ನೋಡ್) ತುಂಬಿಕೊಂಡಿವೆ. ಈ ತಳಿಯ ಹೆಸರು ಎಲ್‌ಪಿಆರ್.

ರೋಗನಿರೋಧಕ ಶಕ್ತಿ ಹೆಚ್ಚಿದ್ದಷ್ಟೂ ಒಳ್ಳೇದು ಅಂತ ಎಷ್ಟೋ ಜನ ನಂಬಿದ್ದೀವಿ. ಆದರೆ ಈ ಇಲಿಯ ರಕ್ಷಣಾ ವ್ಯವಸ್ಥೆ ಅದರ ಮೂತ್ರಪಿಂಡವನ್ನೇ ಹಾಳು ಮಾಡುತ್ತೆ. ಸೋಂಕು ಬಂದಾಗ ಒಂದು ಟಿ ಕೋಶ ವಾರದೊಳಗೆ ಸಾವಿರಾರು ಆಗುತ್ತೆ. ಕೆಲಸ ಮುಗಿದ ಮೇಲೆ ಅವುಗಳಲ್ಲಿ ಶೇ 90ಕ್ಕೂ ಹೆಚ್ಚು ಸಾಯಲೇಬೇಕು. ಆ ಸಾವಿನ ಬಹುಪಾಲು ಕೆಲಸ ಬಿಮ್ ಅನ್ನೋ ಪ್ರೊಟೀನ್‌ನದು. ಪದೇ ಪದೇ ಕೆರಳುವ ಟಿ ಕೋಶಗಳಿಗೆ, ಅದರಲ್ಲೂ ನಮ್ಮ ದೇಹದ ಮೇಲೇ ತಿರುಗಿಬೀಳುವಂಥವಕ್ಕೆ, ಇನ್ನೊಂದು ದಾರಿ ಇದೆ. ಅದೇ ಫಾಸ್.

1989ರಲ್ಲಿ ಜಪಾನಿನ ಶಿನ್ ಯೊನೆಹಾರಾ ಒಂದು ವಿಚಿತ್ರ ಪ್ರತಿಕಾಯ ಕಂಡುಕೊಂಡರು. ಅದನ್ನ ಹಾಕಿದರೆ ಸಾಕು, ಮನುಷ್ಯರ ಕೆಲವು ಕೋಶಗಳು ಸಾಯ್ತಿದ್ದವು. ಅದು ಹೋಗಿ ಕೂರೋದು ಯಾವುದರ ಮೇಲೆ? ಫಾಸ್ ಪ್ರೊಟೀನ್ ಮೇಲೆ. ಒಸಾಕಾದಲ್ಲಿ ಶಿಗೆಕಾಝು ನಗಾಟಾ ಅವರ ತಂಡ 1991ರಲ್ಲಿ ಅದರ ಜೀನ್ ಹಿಡಿಯಿತು. ಅವರು ಮಾಡಿದ ಪರೀಕ್ಷೆ ನನಗೆ ಬಹಳ ಇಷ್ಟ. ಈ ಪ್ರತಿಕಾಯ ತಾಗಿದರೂ ಇಲಿಯ ಕೋಶಗಳಿಗೆ ಏನೂ ಆಗಲ್ಲ. ಅದೇ ಕೋಶಗಳಿಗೆ ಮನುಷ್ಯರ ಫಾಸ್ ಜೀನ್ ಸೇರಿಸಿ ಮತ್ತೆ ಪ್ರತಿಕಾಯ ಹಾಕಿದರು. ಸತ್ತವು! ಸಾವಿನ ಗುಂಡಿ ಕೋಶದ ಮೈಮೇಲೇ ಇದೆ ಅನ್ನೋದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಾ?

ಮರುವರ್ಷ ಗೊತ್ತಾಯ್ತು, ಎಲ್‌ಪಿಆರ್ ಇಲಿಯಲ್ಲಿ ಕೆಟ್ಟಿರೋದು ಇದೇ ಜೀನ್. ಥೇಟ್ ಇದೇ ಕಾಯಿಲೆಯ ಇನ್ನೊಂದು ತಳಿ ಇದೆ, ಜಿಎಲ್‌ಡಿ. ಅದರಲ್ಲಿ ಫಾಸ್ ಸರಿಯಾಗಿದೆ, ಫಾಸ್‌ಗೆ ಬಂದು ಅಂಟುವ ಪ್ರೊಟೀನ್, ಅಂದ್ರೆ ಲೈಗ್ಯಾಂಡ್, ಕೆಟ್ಟಿದೆ. ಒಂದರಲ್ಲಿ ಗುಂಡಿ ಇಲ್ಲ, ಇನ್ನೊಂದರಲ್ಲಿ ಒತ್ತುವ ಬೆರಳಿಲ್ಲ.

[ಅನಿಮೇಷನ್: ಕೋಶದ ಒಳಗೆ]

ಗುಂಡಿ ಒತ್ತಿದಾಗ ಪ್ರೊಟೀನ್ ಕತ್ತರಿಸೋ ಕಿಣ್ವ ಕ್ಯಾಸ್ಪೇಸ್-8 ಎಚ್ಚರಗೊಂಡು, ಅದೇ ಜಾತಿಯ ಕ್ಯಾಸ್ಪೇಸ್-3ನ್ನ ಎಬ್ಬಿಸುತ್ತೆ. ಇಲ್ಲಿ ಸ್ವಲ್ಪ ನಿಲ್ಲೋಣ. ಕೋಶದಲ್ಲಿ ಡಿಎನ್‌ಎ ಕತ್ತರಿಸೋ ಒಂದು ಕಿಣ್ವ ಮೊದಲಿಂದಲೂ ಇರುತ್ತೆ, ಹೆಸರು ಸಿಎಡಿ. ಐಸಿಎಡಿ ಅನ್ನೋ ಪ್ರೊಟೀನ್ ಅದನ್ನ ಅಪ್ಪಿ ಹಿಡಿದುಕೊಂಡಿರುತ್ತೆ. ಕ್ಯಾಸ್ಪೇಸ್-3 ಆ ಹಿಡಿತವನ್ನ ಕತ್ತರಿಸುತ್ತೆ. ಬಿಡುಗಡೆಯಾದ ಸಿಎಡಿ ಡಿಎನ್‌ಎಯನ್ನ ಸುಮಾರು 180 ಬೇಸ್ ಜೋಡಿಗಳ ಲೆಕ್ಕದಲ್ಲಿ ತುಂಡರಿಸುತ್ತೆ. ತುಂಡುಗಳನ್ನ ಉದ್ದದ ಪ್ರಕಾರ ಬೇರ್ಪಡಿಸೋ ಜೆಲ್‌ನಲ್ಲಿ ಓಡಿಸಿದರೆ ಏಣಿಯ ಮೆಟ್ಟಿಲುಗಳಂತೆ ಕಾಣುತ್ತೆ. ಇದನ್ನ ಬಿಡಿಸಿದ್ದೂ ನಗಾಟಾ ತಂಡವೇ, 1998ರಲ್ಲಿ.

ಕೋಶ ಕುಗ್ಗುತ್ತೆ, ಗುಳ್ಳೆ ಗುಳ್ಳೆಯಾಗುತ್ತೆ. ಪೊರೆಯ ಒಳಮೈಯಲ್ಲಿರಬೇಕಾದ ಫಾಸ್ಫಟಿಡೈಲ್‌ಸೆರಿನ್ ಅನ್ನೋ ಕೊಬ್ಬು ಹೊರಮೈಗೆ ಬರುತ್ತೆ. ಕಸ ನುಂಗೋ ರಕ್ಷಣಾ ಕೋಶ ಮ್ಯಾಕ್ರೋಫೇಜ್‌ಗೆ ಅಷ್ಟು ಗುರುತು ಸಾಕು, ನುಂಗಿಬಿಡುತ್ತೆ. ಉರಿಯೂತವಿಲ್ಲ, ಗಲಾಟೆಯಿಲ್ಲ.

[ಪರದೆ ಮೇಲೆ: 1995]

ಕತ್ತಿನಲ್ಲಿ ಗಂಟು, ಊದಿದ ಗುಲ್ಮ, ತಮ್ಮದೇ ರಕ್ತಕಣಗಳ ಮೇಲೆ ದಾಳಿ ಮಾಡೋ ಪ್ರತಿಕಾಯಗಳು. ಇಂಥ ಕೆಲವು ಮಕ್ಕಳಲ್ಲಿ 1995ರಲ್ಲಿ ಫಾಸ್ ಜೀನ್ ದೋಷ ಸಿಕ್ಕಿತು. ಕಾಯಿಲೆಯ ಹೆಸರು ಎಎಲ್‌ಪಿಎಸ್ (ಆಟೋಇಮ್ಯೂನ್ ಲಿಂಫೋಪ್ರೊಲಿಫರೇಟಿವ್ ಸಿಂಡ್ರೋಮ್). ಇವತ್ತಿಗೂ ಅದನ್ನ ಪತ್ತೆ ಹಚ್ಚುವಾಗ ವೈದ್ಯರು ರಕ್ತದಲ್ಲಿ ಒಂದು ಅಪರೂಪದ ಟಿ ಕೋಶ ಹುಡುಕ್ತಾರೆ, ಟಿ ಕೋಶಗಳ ಮೈಮೇಲೆ ಸಾಮಾನ್ಯವಾಗಿ ಇರೋ ಸಿಡಿ4 ಗುರುತೂ ಇಲ್ಲದ, ಸಿಡಿ8 ಗುರುತೂ ಇಲ್ಲದ ಕೋಶ. ಆ ಇಲಿಯ ಗಂಟುಗಳಲ್ಲಿ ತುಂಬಿರೋದೂ ಇಂಥವೇ.