ಫೀನಿಕ್ಸ್ ಗುಡ್ಡಗಳಲ್ಲಿ ಸೈಕಲ್: ಕಲ್ಲು ಯಾವುದು, ಹೊತ್ತು ಎಷ್ಟು?

[ಪರದೆಯಲ್ಲಿ: ಕಲ್ಲುಬಂಡೆಯ ಇಳಿಜಾರು. ಸೈಕಲ್ಲಿನ ಮುಂದಿನ ಚಕ್ರ ಮಾತ್ರ ಕಾಣುತ್ತಿದೆ. ಹಿನ್ನೆಲೆಯಲ್ಲಿ ದೂರಕ್ಕೆ ನಗರದ ಎತ್ತರದ ಕಟ್ಟಡಗಳು.]

ನಮಸ್ಕಾರ. ಜನವರಿ ಬಂತೆಂದರೆ ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಸೈಕಲ್ಲುಗಳೆಲ್ಲ ಗ್ಯಾರೇಜಿನ ಗೋಡೆಗೆ ನೇತುಬಿದ್ದಿರುತ್ತವೆ. ಹೊರಗೆ ಹಿಮ. ಆಗ ಅರಿಜೋನಾದ ಫೀನಿಕ್ಸ್‌ನಲ್ಲಿ ಮಧ್ಯಾಹ್ನ 20 ಡಿಗ್ರಿ ಆಸುಪಾಸು, ಹಿತವಾದ ಬಿಸಿಲು. ಗುಡ್ಡದ ಬುಡದ ಪಾರ್ಕಿಂಗ್‌ನಲ್ಲಿ ದೂರದೂರದ ರಾಜ್ಯಗಳ ನಂಬರ್ ಪ್ಲೇಟಿನ ಕಾರುಗಳು, ಹಿಂದೆ ಸೈಕಲ್. ಜುಲೈ ಮಧ್ಯಾಹ್ನ ಅದೇ ಜಾಗಕ್ಕೆ ಬನ್ನಿ, ನರಪಿಳ್ಳೆಯೂ ಇರುವುದಿಲ್ಲ.

ಚಾಂಡ್ಲರ್, ಟೆಂಪಿ, ಗಿಲ್ಬರ್ಟ್ ಕಡೆ ಚಿಪ್ ಕಾರ್ಖಾನೆ, ಸಾಫ್ಟ್‌ವೇರ್ ಅಂತ ಬಂದು ನೆಲೆಸಿದ ಕನ್ನಡದವರೂ ಇದ್ದಾರೆ. ಇಲ್ಲಿ ಗುಡ್ಡಕ್ಕೆ ಸೈಕಲ್ ಹತ್ತಿಸಬೇಕು ಅಂದುಕೊಂಡವರು ಮೊದಲು ಕೇಳುವುದು ಟ್ರೇಲ್, ಅಂದರೆ ಗುಡ್ಡದ ಕಾಲುದಾರಿ, ಎಷ್ಟು ಕಿಲೋಮೀಟರ್ ಅಂತ. ಅದು ಆಮೇಲಿನ ಮಾತು. ಈ ಊರಲ್ಲಿ ಮೊದಲು ಕೇಳಬೇಕಾದ್ದು ಎರಡೇ. ಅಲ್ಲಿ ಎಂಥ ಕಲ್ಲು? ನೀವು ಎಷ್ಟು ಹೊತ್ತಿಗೆ ಹೊರಡುತ್ತೀರಿ?

[ಪರದೆಯಲ್ಲಿ: ಫೀನಿಕ್ಸ್ ನಕ್ಷೆ. ದಕ್ಷಿಣಕ್ಕೆ ಸೌತ್ ಮೌಂಟನ್, ಈಶಾನ್ಯಕ್ಕೆ ಮೆಕ್‌ಡವೆಲ್ ಗುಡ್ಡಗಳು, ಪೂರ್ವಕ್ಕೆ ಮೇಸಾ.]

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದು ಸೊನೋರನ್ ಮರುಭೂಮಿ. ಮರುಭೂಮಿ ಅಂದ ಮಾತ್ರಕ್ಕೆ ಎಲ್ಲಾ ಕಡೆ ಮರಳು ಅಂದುಕೊಳ್ಳಬೇಡಿ. ಮರಳು ಸಿಗುವುದು ಒಣ ಹಳ್ಳಗಳ ತಳದಲ್ಲಿ, ಹತ್ತು ಹದಿನೈದು ಅಡಿ ಅಗಲ, ಅಷ್ಟೇ. ಅದರೊಳಗೆ ಚಕ್ರ ಹೂತುಕೊಳ್ಳುತ್ತದೆ, ಇಳಿದು ನೂಕಿಕೊಂಡು ಹೋದರಾಯಿತು. ಉಳಿದದ್ದೆಲ್ಲ ಬಂಡೆ, ಜಲ್ಲಿ, ಗಟ್ಟಿ ಮಣ್ಣು. ಮಳೆ ಕಮ್ಮಿ, ಹಾಗಾಗಿ ಕೆಸರು ಕಮ್ಮಿ. ಮರಗಳೂ ಕಮ್ಮಿ, ದಾರಿಗೆ ಅಡ್ಡ ಬರುವ ಬೇರುಗಳ ಕಾಟ ಇಲ್ಲ. ಒಂದು ಸೈಕಲ್ ಹಿಡಿಸುವಷ್ಟೇ ಅಗಲದ ದಾರಿ, ಅಂದರೆ ಸಿಂಗಲ್ ಟ್ರ್ಯಾಕ್, ವರ್ಷಗಟ್ಟಲೆ ಹಾಗೇ ನಿಲ್ಲುತ್ತದೆ.

ಈಗ ಸೌತ್ ಮೌಂಟನ್‌ಗೆ ಬರೋಣ. 16,000 ಎಕರೆಗೂ ಜಾಸ್ತಿ ಇರುವ ಗುಡ್ಡಗಾಡು. ಅಮೆರಿಕದಲ್ಲಿ ನಗರಪಾಲಿಕೆಗಳ ಕೈಯಲ್ಲಿರುವ ಅತಿ ದೊಡ್ಡ ಪಾರ್ಕುಗಳಲ್ಲಿ ಇದೂ ಒಂದು. ಟಿಕೆಟ್ ಇಲ್ಲ. ಸುತ್ತಮುತ್ತ ಬಡಾವಣೆ, ಪಶ್ಚಿಮದ ಅಂಚಿನಲ್ಲಿ 2019ರ ಡಿಸೆಂಬರಿನಲ್ಲಿ ಶುರುವಾದ ಹೆದ್ದಾರಿ, ದಕ್ಷಿಣಕ್ಕೆ ಹೀಲಾ ನದಿ ಮೂಲನಿವಾಸಿಗಳ ನೆಲ. ಅವರಿಗೆ ಈ ಗುಡ್ಡ ಪವಿತ್ರ. ಆ ಹೆದ್ದಾರಿ ಗುಡ್ಡದ ಏಣುಗಳನ್ನು ಕಡಿದುಕೊಂಡು ಹೋಗುವುದನ್ನು ಅವರು ಕೋರ್ಟಿನಲ್ಲೂ ವಿರೋಧಿಸಿದ್ದರು. ಹಿಂದೆ ಇಲ್ಲಿ ಬಾಳಿದ ಹೊಹೊಕಮ್ ಎಂಬ ಮೂಲನಿವಾಸಿ ಜನ ನೂರಾರು ವರ್ಷಗಳ ಹಿಂದೆ ಕೆತ್ತಿದ ಸಾವಿರಾರು ಚಿತ್ರಗಳು ಇಲ್ಲಿನ ಬಂಡೆಗಳ ಮೇಲಿವೆ. ಸೈಕಲ್ ಒರಗಿಸಿ ನಿಲ್ಲುವ ಮುಂಚೆ ಬಂಡೆಯನ್ನು ಒಮ್ಮೆ ನೋಡಿ.

[ಪರದೆಯಲ್ಲಿ: ಕಪ್ಪಾದ ಬಂಡೆಯ ಮೇಲೆ ಸುರುಳಿಯಾಕಾರದ ಕೆತ್ತನೆ.]

ಈ ಗುಡ್ಡದ ಪಶ್ಚಿಮದ ಭಾಗ ಸುಮಾರು 170 ಕೋಟಿ ವರ್ಷ ಹಳೆಯ ನೈಸ್ (gneiss) ಕಲ್ಲು, ಅಂದರೆ ಭೂಮಿಯೊಳಗಿನ ಶಾಖ, ಒತ್ತಡಕ್ಕೆ ಮಾರ್ಪಟ್ಟ ಪಟ್ಟೆಪಟ್ಟೆ ಬಂಡೆ. ಪೂರ್ವದ ಭಾಗ ಗ್ರಾನೈಟಿಗೆ ಹತ್ತಿರದ ಕಲ್ಲು, ವಯಸ್ಸು ಸುಮಾರು ಎರಡೂವರೆ ಕೋಟಿ ವರ್ಷ. ಪೂರ್ವದ ತುದಿಯ ಪೀಮಾ ಕ್ಯಾನಿಯನ್‌ನಿಂದ ಎರಡು ಹೆಸರಾಂತ ಟ್ರೇಲ್‌ಗಳು ಹೊರಡುತ್ತವೆ. ಪಾರ್ಕಿಂಗ್ ಒಂದೇ. ಆದರೆ ಒಂದು ಅಜ್ಜಿಯೂ ಹೋಗಬಹುದಾದದ್ದು, ಇನ್ನೊಂದು ಮೂಳೆ ಮುರಿಯುವಂಥದ್ದು.

ಒಂದು, ಡೆಸರ್ಟ್ ಕ್ಲಾಸಿಕ್. ಸುಮಾರು 9 ಮೈಲಿ. ಗುಡ್ಡದ ದಕ್ಷಿಣದ ಬುಡ ಹಿಡಿದು ಪಶ್ಚಿಮಕ್ಕೆ ಹೋಗುತ್ತದೆ. ಹಳ್ಳಕ್ಕೆ ಇಳಿ, ಹತ್ತು, ತಿರುಗು, ಮತ್ತೆ ಇಳಿ. ದೊಡ್ಡ ಏರು ಇಲ್ಲ. ಆದರೆ ಸಣ್ಣಸಣ್ಣ ಏರುಗಳೇ ಸೇರಿ ಸುಸ್ತು ಮಾಡುತ್ತವೆ. ಹೋದಷ್ಟೇ ದೂರ ವಾಪಸ್ ಬರಬೇಕು ಅನ್ನುವುದನ್ನು ಮರೆಯಬೇಡಿ. ಫೀನಿಕ್ಸ್‌ಗೆ ಹೊಸದಾಗಿ ಬಂದವರು ಇಲ್ಲಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಇದು ಅಜ್ಜಿಗೂ ಅಂದೆ, ನಿಜ. ಅಜ್ಜಿ ಮೂರು ಕಿಲೋಮೀಟರ್ ಹೋಗಿ ವಾಪಸ್ ಬಂದರೆ ಸಾಕು.

ಇನ್ನೊಂದು, ನ್ಯಾಷನಲ್ ಟ್ರೇಲ್. ಗುಡ್ಡದ ಬೆನ್ನಿನ ಮೇಲೆ ಈ ತುದಿಯಿಂದ ಆ ತುದಿಗೆ, 14 ಮೈಲಿಗೂ ಮೇಲೆ. ಇದರ ಪೂರ್ವದ ಭಾಗದಲ್ಲಿ 'ವಾಟರ್‌ಫಾಲ್' ಅಂತ ಒಂದು ಜಾಗ ಇದೆ. ಹೆಸರು ಕೇಳಿ ಜಲಪಾತ ನೋಡಲು ಹೋಗಬೇಡಿ, ನೀರಿಲ್ಲ. ದೊಡ್ಡದೊಡ್ಡ ಕಲ್ಲುಗಳು ಒಂದರ ಕೆಳಗೊಂದು ಸಾಲಾಗಿ ಬಿದ್ದುಕೊಂಡಿವೆ, ಅದರ ಮೇಲೆ ಸೈಕಲ್ ಇಳಿಸಬೇಕು. ಗೊತ್ತಿದ್ದವರೂ ಮೇಲೆ ನಿಂತು, ಇಳಿದು, ನಡೆದುಕೊಂಡು ಹೋಗಿ ದಾರಿ ನೋಡಿಕೊಂಡು ಬರುತ್ತಾರೆ. ಬೆಂಗಳೂರಿನ ತುರಹಳ್ಳಿ ಬಂಡೆಗಳ ಮೇಲೆ ಸೈಕಲ್ ಹೊಡೆದವರಿಗೆ ಒಂದಿಷ್ಟು ಧೈರ್ಯ ಇರುತ್ತದೆ. ಆದರೂ ಮೊದಲ ಸಲ ನಡೆದೇ ಇಳಿಯಿರಿ. ಅದರಲ್ಲಿ ಅವಮಾನ ಏನೂ ಇಲ್ಲ.

[ಪರದೆಯಲ್ಲಿ: ವಾಟರ್‌ಫಾಲ್ ಇಳಿಜಾರು, ನಿಧಾನಗತಿಯಲ್ಲಿ. ಸವಾರ ಸೀಟು ತಗ್ಗಿಸಿ, ಮೈಯನ್ನು ಹಿಂದಕ್ಕೆ ಹಾಕಿ ಇಳಿಯುತ್ತಿದ್ದಾರೆ.]

ಉತ್ತರಕ್ಕೆ ಸ್ಕಾಟ್ಸ್‌ಡೇಲ್ ಕಡೆ ಹೋದರೆ ಕಲ್ಲಿನ ಸ್ವಭಾವವೇ ಬೇರೆ. ಬ್ರೌನ್ಸ್ ರಾಂಚ್ ಸುತ್ತಮುತ್ತ ಗ್ರಾನೈಟ್. ಈ ಗ್ರಾನೈಟ್ ಬಿಸಿಲು, ಮಳೆಗೆ ಸವೆದು ಕಾಳುಕಾಳಾಗಿ ಉದುರುತ್ತದೆ. ಕೆಳಗೆ ಸಿಮೆಂಟಿನಷ್ಟು ಗಟ್ಟಿ ನೆಲ, ಮೇಲೆ ಸಾಬಕ್ಕಿ ಚೆಲ್ಲಿದ ಹಾಗೆ ಕಲ್ಲಿನ ಕಾಳು. ನೋಡಲು ಚೆಂದದ ಸಪಾಟು ದಾರಿ. ಹೊಸಬರು ಬೀಳುವುದು ಇಲ್ಲೇ. ಬಂಡೆ ಕಂಡರೆ ಎಲ್ಲರೂ ಹುಷಾರಾಗುತ್ತಾರೆ, ಸಪಾಟು ದಾರಿ ಕಂಡರೆ ಪೆಡಲ್ ಜೋರಾಗಿ ತುಳಿಯುತ್ತಾರೆ. ತಿರುವು ಬಂತು, ಮುಂದಿನ ಬ್ರೇಕ್ ಹಿಡಿದರು, ಚಕ್ರ ಕಾಳಿನ ಮೇಲೆ ಜಾರಿತು, ಮುಗಿಯಿತು.

ಇದಕ್ಕೆ ದಾರಿ ಏನು? ಬ್ರೇಕ್ ಕೆಲಸ ತಿರುವಿಗೆ ಮುಂಚೆಯೇ ಮುಗಿಯಬೇಕು. ತಿರುವಿನೊಳಗೆ ಬ್ರೇಕ್ ಬಿಟ್ಟು, ಸೈಕಲ್ಲನ್ನು ಒಳಗೆ ವಾಲಿಸಿ, ಹೊರಗಿನ ಪೆಡಲ್ ಕೆಳಗಿಟ್ಟು ಅದರ ಮೇಲೆ ಭಾರ ಹಾಕಿ. ಟೈರಿನ ಗಾಳಿ ರಸ್ತೆಯಲ್ಲಿ ಇರುವುದಕ್ಕಿಂತ ಕಮ್ಮಿ ಇರಲಿ, ಆಗ ನೆಲ ಹಿಡಿಯುತ್ತದೆ. ಮನೆ ಹತ್ತಿರದ ಖಾಲಿ ಸೈಟಿನ ಜಲ್ಲಿಯಲ್ಲಿ ಇದನ್ನು ನಿಧಾನಕ್ಕೆ ಅಭ್ಯಾಸ ಮಾಡಿ, ಆಮೇಲೆ ಗುಡ್ಡಕ್ಕೆ ಹೋಗಿ.

ಇನ್ನು ಮುಳ್ಳು. ಇದಕ್ಕೆ ಸ್ವಲ್ಪ ಹೊತ್ತು ಕೊಡಲೇಬೇಕು.

[ಪರದೆಯಲ್ಲಿ: ಟೆಡ್ಡಿಬೇರ್ ಚೋಯಾ, ಬಿಸಿಲಿಗೆ ಬಂಗಾರದ ಬಣ್ಣ. ನಂತರ ಒಂದು ತುಂಡು ಹತ್ತಿರದಿಂದ.]

ದೂರದಿಂದ ಮೆತ್ತಗಿನ ಬೊಂಬೆ ಹಾಗೆ ಕಾಣುತ್ತದೆ, ಅಲ್ವಾ? ಇದು ಚೋಯಾ ಕಳ್ಳಿ. ಕೆಲವರು ಹಾರುವ ಕಳ್ಳಿ ಅನ್ನುತ್ತಾರೆ. ಅದು ಹಾರುವುದಿಲ್ಲ. ಇದರ ಕೊಂಬೆ ತುಂಡುತುಂಡಾಗಿ ಜೋಡಿಸಿದಂತಿದೆ, ಆ ಕೀಲು ಬಹಳ ಸಡಿಲ. ಸುಮ್ನೆ ಮೈ ತಾಗಿದರೆ ಸಾಕು, ನಿಂಬೆಹಣ್ಣಿನ ಗಾತ್ರದ ತುಂಡು ಕಳಚಿಕೊಂಡು ಮೀನಖಂಡಕ್ಕೆ ಅಂಟುತ್ತದೆ. ಒಂದೊಂದು ಮುಳ್ಳಿಗೂ ಕಣ್ಣಿಗೆ ಕಾಣದಷ್ಟು ಸಣ್ಣ ಹಿಮ್ಮುಖದ ಕೊಕ್ಕೆಗಳು. ಹೋಗುವಾಗ ಸಲೀಸು, ಬರುವಾಗ ಚರ್ಮ ಎಳೆದುಕೊಂಡು ಬರುತ್ತದೆ. ನೋವಾಯಿತು ಅಂತ ಕೈಯಿಂದ ಕೀಳಲು ಹೋದಿರೋ, ಈಗ ಕೈಗೂ ಅಂಟಿತು.

ಇದಕ್ಕೆ ಇಲ್ಲಿನವರ ಆಯುಧ ಬಾಚಣಿಗೆ. ನಿಜವಾಗಿ. ತಲೆ ಬಾಚುವ ಸಾದಾ ಬಾಚಣಿಗೆ. ಚರ್ಮಕ್ಕೂ ಕಳ್ಳಿಗೂ ನಡುವೆ ಹಲ್ಲು ತೂರಿಸಿ, ಒಂದೇ ಸಲಕ್ಕೆ ಮೈಯಿಂದಾಚೆ ಚಿಮ್ಮಿಸಬೇಕು. ಎದುರಿಗೆ ಯಾರೂ ನಿಂತಿಲ್ಲ ಅಂತ ನೋಡಿಕೊಳ್ಳಿ. ಉಳಿದ ಮುಳ್ಳುಗಳನ್ನು ಚಿಮಟದಿಂದ ಒಂದೊಂದಾಗಿ ತೆಗೆಯಬೇಕು. ಎರಡೂ ಸೇರಿ ನೂರು ಗ್ರಾಂ ಭಾರವೂ ಇಲ್ಲ, ಬ್ಯಾಗಿನಲ್ಲಿರಲಿ.

ಟೈರಿಗೂ ಇದೇ ಕಥೆ. ಮಾಮೂಲಿ ಟ್ಯೂಬ್ ಇಲ್ಲಿ ಬಾಳುವುದಿಲ್ಲ. ಟ್ಯೂಬ್‌ಲೆಸ್ ಹಾಕಿಸಿ, ಒಳಗೆ ಸೀಲೆಂಟ್ ಹೊಯ್ಯಿಸಿ. ಮುಳ್ಳು ಚುಚ್ಚಿದ ಕೂಡಲೇ ಆ ದ್ರವ ತೂತಿಗೆ ನುಗ್ಗಿ ಗಟ್ಟಿಯಾಗುತ್ತದೆ. ಆದರೆ ಮರುಭೂಮಿಯ ಒಣ ಹವೆಯಲ್ಲಿ ಸೀಲೆಂಟ್ ಕೂಡ ಬೇಗ ಒಣಗುತ್ತದೆ. ಆಗಾಗ ಬಿಚ್ಚಿಸಿ ನೋಡಿ, ಬೇಕಿದ್ದರೆ ಮತ್ತೆ ಹಾಕಿಸಿ. ಹಾವಿನ ಬಗ್ಗೆ ಎಲ್ಲರಿಗೂ ಭಯ ಇರುತ್ತದೆ. ಗಿಲಕಿ ಹಾವು ಇದೆ, ಸಾಮಾನ್ಯವಾಗಿ ಸದ್ದು ಮಾಡಿ ಎಚ್ಚರಿಸುತ್ತದೆ, ದೂರ ನಿಂತರೆ ಅದರ ಪಾಡಿಗೆ ಅದು ಹೋಗುತ್ತದೆ. ಸವಾರರಿಗೆ ನಿಜವಾದ ಕಾಟ ಚೋಯಾದ್ದೇ.

[ಪರದೆಯಲ್ಲಿ: ಕಪ್ಪು ಹಿನ್ನೆಲೆ. ಅಕ್ಷರಗಳು ಮಾತ್ರ: '31 ದಿನ'.]

ಈಗ ಹೊತ್ತಿನ ವಿಷಯ. 2023ರ ಜೂನ್ 30ರಿಂದ ಜುಲೈ 30ರವರೆಗೆ, 31 ದಿನ ಸತತವಾಗಿ ಫೀನಿಕ್ಸ್‌ನಲ್ಲಿ 110 ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ. ನಮ್ಮ ಲೆಕ್ಕದಲ್ಲಿ 43 ಡಿಗ್ರಿ ದಾಟಿದ್ದು. ಆ ಒಂದು ವರ್ಷದಲ್ಲಿ ಫೀನಿಕ್ಸ್ ಇರುವ ಮರಿಕೋಪಾ ಕೌಂಟಿಯಲ್ಲಿ ಸೆಕೆಯಿಂದ ಸತ್ತವರು 600ಕ್ಕೂ ಹೆಚ್ಚು. ಹಗಲು ಬಿಸಿ ಕುಡಿದ ಕಾಂಕ್ರೀಟು, ಡಾಂಬರು ರಾತ್ರಿಯಿಡೀ ಅದನ್ನು ಹೊರಗೆ ಬಿಡುತ್ತಿರುತ್ತವೆ, ಊರು ತಣ್ಣಗಾಗುವುದೇ ಇಲ್ಲ.

ಆ ಬೇಸಿಗೆ ಸವಾರೋ ಕಳ್ಳಿಗಳೂ ತಡೆದುಕೊಳ್ಳಲಿಲ್ಲ. ಸಿನಿಮಾಗಳಲ್ಲಿ ಕೈ ಎತ್ತಿ ನಿಂತ ಹಾಗೆ ಕಾಣುವ ಎತ್ತರದ ಕಳ್ಳಿ ಇದೆಯಲ್ಲ, ಅದೇ. ಮೊದಲ ಕೈ ಮೂಡಲು ಐವತ್ತರಿಂದ ಎಪ್ಪತ್ತೈದು ವರ್ಷ ಬೇಕು. ಸವಾರೋ ಉಸಿರಾಡಲು ತನ್ನ ಸಣ್ಣ ರಂಧ್ರಗಳನ್ನು ತೆರೆಯುವುದು ರಾತ್ರಿ, ಆಗ ತಂಪಿರಬೇಕು. ರಾತ್ರಿಯೂ ಕಾದಿದ್ದರಿಂದ ಊರಿನ ಕಳ್ಳಿಗಳಲ್ಲಿ ಕೆಲವು ಕೈ ಕಳಚಿಕೊಂಡವು, ಕೆಲವು ಬುಡಸಮೇತ ಬಿದ್ದವು. ಮರುಭೂಮಿಯ ಗಿಡಕ್ಕೇ ಹೀಗಾದರೆ ನಮ್ಮ ಪಾಡೇನು?

ಒಣ ಸೆಕೆಯ ಮೋಸ ಕರಾವಳಿಯವರಿಗೆ ಬೇಗ ಅರ್ಥವಾಗುವುದಿಲ್ಲ. ಮಂಗಳೂರಿನಲ್ಲಿ ಬೆವರು ಕಣ್ಣಿಗೇ ಕಾಣುತ್ತದೆ, ಅಂಗಿ ಒದ್ದೆಯಾಗುತ್ತದೆ. ಇಲ್ಲಿ ಬೆವರು ಮೂಡಿದ ಕೂಡಲೇ ಆರಿಹೋಗುತ್ತದೆ. ಮೈ ಒಣಗಿಯೇ ಇದೆ, ನೀರು ಮಾತ್ರ ಹೋಗುತ್ತಲೇ ಇದೆ. ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಕಂಡಾಗ ಗೊತ್ತಾಗುತ್ತದೆ, ಅಷ್ಟು ಹೊತ್ತಿಗೆ ತಲೆ ದಿಮ್ಮೆನ್ನುತ್ತಿರುತ್ತದೆ. ಹಾಗಾಗಿ ಬಾಯಾರಿಕೆಗೆ ಕಾಯಬೇಡಿ, ಗುಟುಕುಗುಟುಕಾಗಿ ಕುಡಿಯುತ್ತಾ ಇರಿ. ಬೆನ್ನಿಗೆ ಹಾಕುವ ನೀರಿನ ಚೀಲ ಬರುತ್ತದೆ, ಮೂರು ಲೀಟರ್ ಹಿಡಿಯುವಂಥದ್ದು ತಗೊಳ್ಳಿ. ಉಪ್ಪಿನಂಶ ಇರುವ ಏನಾದರೂ ಜೊತೆಗಿರಲಿ. ತಂದ ನೀರಿನಲ್ಲಿ ಅರ್ಧ ಮುಗಿದರೆ ಅಲ್ಲಿಂದಲೇ ವಾಪಸ್. ಇನ್ನೊಂದು ತಿರುವು ನೋಡಿ ಬರೋಣ ಅನ್ನುವ ಆಸೆ ಬೇಡ. ಟ್ರೇಲ್ ಮೇಲೆ ನಲ್ಲಿ ಇಲ್ಲ, ನೆರಳೂ ಇಲ್ಲ.

ಹಾಗಾದರೆ ಬೇಸಿಗೆಯಲ್ಲಿ ಯಾರೂ ಹೋಗುವುದಿಲ್ಲವೇ? ಹೋಗುತ್ತಾರೆ. ಸೂರ್ಯ ಹುಟ್ಟುವ ಮುಂಚೆ ಹೊರಟು ಬಿಸಿಲೇರುವ ಹೊತ್ತಿಗೆ ಮನೆ ಸೇರುತ್ತಾರೆ. ಇಲ್ಲವೇ ರಾತ್ರಿ ಹೋಗುತ್ತಾರೆ. ಹ್ಯಾಂಡಲ್‌ಗೆ ಒಂದು ದೀಪ, ಹೆಲ್ಮೆಟ್‌ಗೆ ಇನ್ನೊಂದು. ಹೆಲ್ಮೆಟ್ ದೀಪ ಏಕೆಂದರೆ, ತಿರುವಿನಲ್ಲಿ ಹ್ಯಾಂಡಲ್ ನೇರಕ್ಕಿದ್ದರೂ ನೀವು ನೋಡಿದ ಕಡೆ ಬೆಳಕು ಬೀಳುತ್ತದೆ. ಸೌತ್ ಮೌಂಟನ್ ಟ್ರೇಲ್‌ಗಳಲ್ಲಿ ರಾತ್ರಿಯೂ ಸವಾರಿ ಮಾಡಬಹುದು. ಸ್ಕಾಟ್ಸ್‌ಡೇಲ್ ಕಾಯ್ದಿಟ್ಟ ಪ್ರದೇಶದಲ್ಲಿ ಸೂರ್ಯ ಮುಳುಗಿದರೆ ಬಾಗಿಲು ಬಂದ್. ಹೊರಡುವ ಮುಂಚೆ ಸಮಯ ನೋಡಿಕೊಳ್ಳಿ. ಸೆಕೆ ವಿಪರೀತ ಇರುವ ದಿನ ನಗರದವರು ಕ್ಯಾಮಲ್‌ಬ್ಯಾಕ್, ಪಯೆಸ್ಟವಾ ಶಿಖರಗಳ ಕಡಿದಾದ ಕಾಲುದಾರಿಗಳನ್ನು ಹಗಲು ಹೊತ್ತು ಮುಚ್ಚುತ್ತಾರೆ. 2021ರಿಂದ ಬಂದ ನಿಯಮ. ಬಿಸಿಲಿಗೆ ಸಿಕ್ಕಿಬಿದ್ದವರನ್ನು ಹೊತ್ತು ತರಲು ಹೋದ ಅಗ್ನಿಶಾಮಕ ಸಿಬ್ಬಂದಿಯೇ ಸೆಕೆಗೆ ಅಸ್ವಸ್ಥರಾದ ಮೇಲೆ ತಂದದ್ದು.

[ಪರದೆಯಲ್ಲಿ: ಹಳೆಯ ಕಾಲದ ಫೀನಿಕ್ಸ್ ನಕ್ಷೆ. ಅದರ ಮೇಲೆ ಇಂದಿನ ಊರು ನಿಧಾನವಾಗಿ ಹರಡುತ್ತದೆ, ಗುಡ್ಡಗಳು ಮಾತ್ರ ಹಾಗೇ ಉಳಿಯುತ್ತವೆ.]

ಇಷ್ಟು ದೊಡ್ಡ ಊರು, ರಿಯಲ್ ಎಸ್ಟೇಟಿನ ಊರು. ನಡುವೆ ಈ ಗುಡ್ಡಗಳು ಹೇಗೆ ಉಳಿದವು? ದುಡ್ಡು ಕೊಟ್ಟು ಉಳಿಸಿಕೊಂಡರು. 1924ರಲ್ಲಿ ಫೀನಿಕ್ಸ್ ನಗರ ಕೇಂದ್ರ ಸರ್ಕಾರದಿಂದ ಸುಮಾರು 13,000 ಎಕರೆ ಕೊಂಡಿತು. ಕೊಟ್ಟದ್ದು 17,000 ಡಾಲರ್. ಎಕರೆಗೆ ಒಂದೂಕಾಲು, ಒಂದೂವರೆ ಡಾಲರ್ ಬಿತ್ತು ಅಂದುಕೊಳ್ಳಿ! ಸ್ಕಾಟ್ಸ್‌ಡೇಲ್‌ನವರಿಗೆ ಅಷ್ಟು ಅಗ್ಗಕ್ಕೆ ಸಿಗಲಿಲ್ಲ. ಅಲ್ಲಿನ ಮತದಾರರು 1995ರಲ್ಲಿ ತಮ್ಮ ಮೇಲೆ ತಾವೇ ಮಾರಾಟ ತೆರಿಗೆ ಹಾಕಿಕೊಂಡರು. ಆ ದುಡ್ಡಿನಿಂದ ಬಿಲ್ಡರ್‌ಗಳ ಕಣ್ಣಿದ್ದ ಜಾಗವನ್ನು ತುಂಡುತುಂಡಾಗಿ ಕೊಂಡರು. ಈಗ ಮೆಕ್‌ಡವೆಲ್ ಸೊನೋರನ್ ಪ್ರಿಸರ್ವ್ ಅಂದರೆ 30,000 ಎಕರೆಗೂ ಮೇಲೆ, 200 ಮೈಲಿಗೂ ಜಾಸ್ತಿ ದಾರಿ. ಹೊಸಬರಿಗೆ ಎಲ್ಲಿ ತಿರುಗಬೇಕು ಅಂತಲೇ ತಿಳಿಯುವುದಿಲ್ಲ. ಫೋನಿನಲ್ಲಿ ಟ್ರೇಲ್‌ಫೋರ್ಕ್ಸ್ ಎಂಬ ಆ್ಯಪ್‌ನ ನಕ್ಷೆ ಇಳಿಸಿಕೊಂಡೇ ಹೋಗಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಮಕ್ಕಳ ಜೊತೆ ಹೋಗಬೇಕಾದರೆ ಪಾಪಗೋ ಪಾರ್ಕ್, ಕೆಂಪು ಗುಡ್ಡಗಳ ಸುತ್ತ ಸುಲಭದ ದಾರಿ. ಫೌಂಟನ್ ಹಿಲ್ಸ್ ಹತ್ತಿರದ ಮೆಕ್‌ಡವೆಲ್ ಮೌಂಟನ್ ರೀಜನಲ್ ಪಾರ್ಕಿನಲ್ಲಿ ಪೆಂಬರ್ಟನ್ ಟ್ರೇಲ್ ಇದೆ, 15 ಮೈಲಿಯ ಒಂದು ದೊಡ್ಡ ಸುತ್ತು, ರೇಸಿಗೆಂದೇ ಮಾಡಿದ ಬೇರೆ ಟ್ರ್ಯಾಕುಗಳೂ ಇವೆ. ಇದು ಕೌಂಟಿ ಪಾರ್ಕ್, ಕಾರಿಗೆ ಶುಲ್ಕ ಉಂಟು. ಮೇಸಾದ ಆಚೆ ಹಾಸ್ ಟ್ರೇಲ್‌ಗಳು. ಇವನ್ನು ಮೊದಲು ಸವಾರರೇ ತುಳಿದು ಮಾಡಿಕೊಂಡಿದ್ದರು, ಆಮೇಲೆ ಅರಣ್ಯ ಇಲಾಖೆ ಒಪ್ಪಿಕೊಂಡಿತು. ನೋಟಕ್ಕೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ, ಕೆಳಗೆ ಸಾಲ್ಟ್ ನದಿಯ ಹಸಿರು ಗೆರೆ ಕಾಣುತ್ತದೆ.

ದಾರಿಯಲ್ಲಿ ಎದುರಾದರೆ ಸೈಕಲ್ಲಿನವರು ನಡೆಯುವವರಿಗೂ ಕುದುರೆಯವರಿಗೂ ಜಾಗ ಬಿಡಬೇಕು. ಕುದುರೆ ಕಂಡರೆ ಇಳಿದು ನಿಂತು ಮಾತಾಡಿಸಿ, ಮನುಷ್ಯರ ದನಿ ಕೇಳಿದರೆ ಅದು ಬೆದರುವುದಿಲ್ಲ. ಮಳೆಗಾಲದಲ್ಲಿ, ಅಂದರೆ ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ, ದೂರದ ಗುಡ್ಡದಲ್ಲಿ ಗುಡುಗು ಕೇಳಿಸಿದರೆ ಒಣ ಹಳ್ಳದೊಳಗೆ ನಿಂತು ಫೋಟೋ ತೆಗೆಯಬೇಡಿ. ನಿಮ್ಮ ತಲೆಯ ಮೇಲೆ ಮಳೆ ಇಲ್ಲದಿದ್ದರೂ ನೀರು ಬರುತ್ತದೆ.

[ಪರದೆಯಲ್ಲಿ: ಬ್ಲಾಕ್ ಕ್ಯಾನಿಯನ್ ಟ್ರೇಲ್. ಸಾಲುಸಾಲು ಸವಾರೋ, ಗುಡ್ಡದ ಪಕ್ಕೆಗೆ ಗೀರೆಳೆದಂತೆ ದಾರಿ.]

ಕೊನೆಗೆ, ಕಾಲು ಗಟ್ಟಿ ಇರುವವರಿಗೆ. ಫೀನಿಕ್ಸ್‌ನ ಉತ್ತರಕ್ಕೆ ಬ್ಲಾಕ್ ಕ್ಯಾನಿಯನ್ ಟ್ರೇಲ್, ಸುಮಾರು 80 ಮೈಲಿ. ಕುರಿ ಮಂದೆಗಳನ್ನು ಚಳಿಗಾಲಕ್ಕೆ ತಗ್ಗಿಗೆ, ಬೇಸಿಗೆಗೆ ಬೆಟ್ಟಕ್ಕೆ ಹೊಡೆದುಕೊಂಡು ಹೋಗುತ್ತಿದ್ದ ಹಳೆಯ ಜಾಡು. 1919ರಲ್ಲೇ ಸರ್ಕಾರ ಇದನ್ನು ಜಾನುವಾರು ದಾರಿ ಅಂತ ಗುರುತಿಸಿತ್ತು. ಒಂದೇ ದಿನಕ್ಕೆ ಬೇಡ, ಬ್ಲಾಕ್ ಕ್ಯಾನಿಯನ್ ಸಿಟಿ ಹತ್ತಿರದ ಒಂದು ತುಂಡು ಹಿಡಿದರೂ ಸಾಕು.

ಅದಕ್ಕಿಂತ ದೊಡ್ಡದು ಬೇಕು ಅಂದರೆ ಅರಿಜೋನಾ ಟ್ರೇಲ್ ಇದೆ. ಮೆಕ್ಸಿಕೋ ಗಡಿಯಿಂದ ಯೂಟಾ ಗಡಿಯವರೆಗೆ, 800 ಮೈಲಿ. ಇಡೀ ದಾರಿಯನ್ನು ಸೈಕಲ್ಲಿನಲ್ಲಿ ದಾಟುವವರೂ ಇದ್ದಾರೆ. ಆದರೆ ನಡುವೆ ಗ್ರ್ಯಾಂಡ್ ಕ್ಯಾನಿಯನ್ ಬರುತ್ತದೆ, ಅದರೊಳಗಿನ ಟ್ರೇಲ್‌ಗಳಲ್ಲಿ ಸೈಕಲ್ ಹೊಡೆಯುವಂತಿಲ್ಲ. ಚಕ್ರ ನೆಲಕ್ಕೆ ತಾಗುವಂತೆಯೂ ಇಲ್ಲ. ಹಾಗಾಗಿ ಚಕ್ರ ಬಿಚ್ಚಿ, ಇಡೀ ಸೈಕಲ್ಲನ್ನು ಬೆನ್ನಿಗೆ ಕಟ್ಟಿಕೊಂಡು, ಕಣಿವೆಯ ಒಂದು ಅಂಚಿನಿಂದ ತಳದ ಕೊಲರಾಡೊ ನದಿಯವರೆಗೆ ಇಳಿದು, ಮತ್ತೆ ಆಚೆ ಅಂಚಿಗೆ ಹತ್ತುತ್ತಾರೆ. ಇಪ್ಪತ್ತಕ್ಕೂ ಹೆಚ್ಚು ಮೈಲಿ. ಆಚೆ ಮೇಲೆ ಬಂದ ಮೇಲೆ ಚಕ್ರ ಜೋಡಿಸಿಕೊಂಡು ಮತ್ತೆ ಪೆಡಲ್ ತುಳಿಯುತ್ತಾರೆ.