ತೆರಿಗೆ ಹೊಗೆಗೋ, ಇಂಧನಕ್ಕೋ?

[ದೃಶ್ಯ: ಕಾರ್ಖಾನೆಯ ಚಿಮಣಿ, ಮೇಲೇಳುವ ಹೊಗೆ]

ನಮಸ್ಕಾರ. ಈ ಹೊಗೆಗೆ ಕಾರ್ಖಾನೆ ಏನೂ ಕೊಡದಿದ್ದರೆ ಅದರ ಬೆಲೆ ತೆರುವವರು ಯಾರು? ಸುತ್ತಮುತ್ತ ಉಸಿರಾಡುವವರು, ಅಲ್ವಾ? ಆ ಖರ್ಚನ್ನು ಹೊಗೆ ಬಿಟ್ಟವರ ಲೆಕ್ಕಕ್ಕೇ ಬರೆಯುವುದು ಪರಿಸರ ತೆರಿಗೆ. ಆದರೆ ಅದನ್ನು ಎಲ್ಲಿ ಹಾಕುತ್ತೀರಿ ಅನ್ನುವುದೇ ಮುಖ್ಯ.

[ದೃಶ್ಯ: ಕಲ್ಲಿದ್ದಲ ರಾಶಿ]

ಕಾರ್ಬನ್ ಲೆಕ್ಕ ಸುಲಭ. 12 ಕೆಜಿ ಕಾರ್ಬನ್ ಪೂರ್ತಿ ಉರಿದರೆ 44 ಕೆಜಿ ಕಾರ್ಬನ್ ಡೈಆಕ್ಸೈಡ್. ಹಾಗಾಗಿ ಇಂಧನ ತೂಗಿದರೆ ಸಾಕು. ಬ್ರಿಟನ್ 2013ರಲ್ಲಿ ವಿದ್ಯುತ್ ಸ್ಥಾವರಗಳು ಸುಡುವ ಇಂಧನಕ್ಕೆ ಇಂಥ ತೆರಿಗೆ ಹಾಕಿತು. 2015ಕ್ಕೆ ಅದು ಒಂದು ಟನ್ ಕಾರ್ಬನ್ ಡೈಆಕ್ಸೈಡ್‌ಗೆ 18 ಪೌಂಡ್ ಆಯಿತು. ಅಷ್ಟೇ ವಿದ್ಯುತ್ತಿಗೆ ಕಲ್ಲಿದ್ದಲು ಗ್ಯಾಸಿಗಿಂತ ಸುಮಾರು ಎರಡು ಪಟ್ಟು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಪೆಟ್ಟು ಬಿದ್ದಿದ್ದು ಕಲ್ಲಿದ್ದಲಿಗೆ. ಅಲ್ಲಿನ ಕೊನೆಯ ಕಲ್ಲಿದ್ದಲು ಸ್ಥಾವರ 2024ರ ಸೆಪ್ಟೆಂಬರ್ 30ರಂದು ನಿಂತಿತು. ತೆರಿಗೆಯೊಂದರಿಂದಲೇ ಅಲ್ಲ, ಗಾಳಿ ವಿದ್ಯುತ್ತೂ ಬೆಳೆದಿತ್ತು, ನಿಯಮಗಳೂ ಬಿಗಿಯಾಗಿದ್ದವು.

[ದೃಶ್ಯ: ಬಾಯ್ಲರ್ ಒಳಗಿನ ಉರಿ, ಹತ್ತಿರದಿಂದ]

ಹೊಗೆಯಲ್ಲಿರುವ ಇನ್ನೊಂದು ಕೆಟ್ಟ ಅನಿಲ ನೈಟ್ರೋಜನ್ ಆಕ್ಸೈಡ್. ಅದರ ಕಥೆಯೇ ಬೇರೆ. ನನಗೆ ತುಂಬಾ ಹಿಡಿಸುವ ಭಾಗ ಇದು. ಉರಿ ವಿಪರೀತ ಕಾದಾಗ ಗಾಳಿಯಲ್ಲೇ ಇರುವ ನೈಟ್ರೋಜನ್ ಆಕ್ಸಿಜನ್ ಜೊತೆ ಸೇರಿಬಿಡುತ್ತದೆ. ಒಂದೇ ಇಂಧನ, ಎರಡು ಬಾಯ್ಲರ್, ಎರಡು ಬೇರೆ ಲೆಕ್ಕ! ಇಂಧನ ತೂಗಿ ಏನು ಪ್ರಯೋಜನ?

ಅದಕ್ಕೇ ಸ್ವೀಡನ್ 1992ರಲ್ಲಿ ಚಿಮಣಿಗೇ ಮೀಟರ್ ಇಡಿಸಿತು. ಹೊರಬಿದ್ದ ನೈಟ್ರೋಜನ್ ಆಕ್ಸೈಡ್ ಕೆಜಿಗೆ 40 ಕ್ರೋನಾ (ಸ್ವೀಡನ್ನಿನ ಹಣ) ತೆರಿಗೆ. ಮೀಟರ್ ದುಬಾರಿ, ಹಾಗಾಗಿ ಮೊದಲು ದೊಡ್ಡ ಬಾಯ್ಲರ್‌ಗಳಿಗೆ ಮಾತ್ರ.

ಈಗ ಬಾಯ್ಲರ್ ನಡೆಸುವವರ ಜಾಗದಲ್ಲಿ ನಿಂತು ನೋಡಿ. ಕಣ್ಣು ಮೀಟರ್ ಮೇಲೆ, ಕೈ ಗಾಳಿ ಬಿಡುವ ವಾಲ್ವ್ ಮೇಲೆ. ಗಾಳಿ ಸ್ವಲ್ಪ ತಗ್ಗಿಸಿದರೆ ಅಂಕಿ ಇಳಿಯುತ್ತದೆ. ಜಾಸ್ತಿ ತಗ್ಗಿಸಿದರೆ ಇಂಧನ ಅರ್ಧಂಬರ್ಧ ಉರಿದು ಕಾರ್ಬನ್ ಮೊನಾಕ್ಸೈಡ್ ಏರುತ್ತದೆ. ಆ ಹದ ಹುಡುಕಿದಷ್ಟೂ ತೆರಿಗೆ ಉಳಿಯುತ್ತದೆ. ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಕೆಲವರು ಹೊಗೆಗೆ ಅಮೋನಿಯಾ ಸಿಂಪಡಿಸುವ ವ್ಯವಸ್ಥೆಯನ್ನೂ ಹಾಕಿಸಿದರು.

[ದೃಶ್ಯ: ಎರಡು ಬಾಯ್ಲರ್, ನಡುವೆ ಹಣದ ಬಾಣ]

ಇನ್ನೊಂದು ಜಾಣತನ ಇದೆ. ಸಂಗ್ರಹವಾದ ಹಣವನ್ನು ಸರ್ಕಾರ ಇಟ್ಟುಕೊಳ್ಳಲಿಲ್ಲ. ಯಾರು ಎಷ್ಟು ಉಪಯುಕ್ತ ಶಕ್ತಿ ಉತ್ಪಾದಿಸಿದರೋ ಆ ಲೆಕ್ಕದಲ್ಲಿ ಅವರಿಗೇ ಹಂಚಿತು. ಜಾಸ್ತಿ ಹೊಗೆ ಬಿಟ್ಟವರ ದುಡ್ಡು ಶುದ್ಧವಾಗಿ ಉರಿಸಿದವರಿಗೆ ಹೋಯಿತು. ಶಾಖ ಸುಮ್ನೆ ಪೋಲು ಮಾಡಿದವರ ಪಾಲು ಕಡಿಮೆಯಾಯಿತು. ಹಾಗಾಗಿ ಇಂಧನ ಉಳಿಸುವುದೂ ಲಾಭವೇ ಆಯಿತು.

ದರ ತೀರಾ ಕಡಿಮೆ ಇದ್ದಿದ್ದರೆ? ತೆರಿಗೆ ಕಟ್ಟಿ ಹೊಗೆ ಬಿಡುವುದೇ ಅಗ್ಗವಾಗುತ್ತಿತ್ತು. ಹಣ ಉದ್ಯಮಕ್ಕೇ ಮರಳುತ್ತಿದ್ದುದರಿಂದ ಅಷ್ಟು ದೊಡ್ಡ ದರಕ್ಕೆ ವಿರೋಧ ತಗ್ಗಿತು. 2008ರಲ್ಲಿ ಅದನ್ನು 50 ಕ್ರೋನಾಕ್ಕೆ ಏರಿಸಿದರು.