ಶ್ರುತಿ ಇಳಿಸಲು ಹಿಂಜರಿಕೆ ಬೇಡ: ಹಳೆಯ ರಾಕ್ ತಂಡದ ಹೊಸ ಆಲ್ಬಂ

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಈ ಮಳೆಯಲ್ಲೂ ಗಿಟಾರ್ ಹೊತ್ತುಕೊಂಡೇ ಬಂದವರಿದ್ದೀರಿ. ಹಾಗಾಗಿ ನೇರ ವಿಷಯಕ್ಕೆ ಬರೋಣ.

ರೋಲಿಂಗ್ ಸ್ಟೋನ್ಸ್ ತಂಡ ತನ್ನದೇ ಹೊಸ ಹಾಡುಗಳ ಆಲ್ಬಂ ‘ಹ್ಯಾಕ್ನಿ ಡೈಮಂಡ್ಸ್’ ಅನ್ನು 2023ರಲ್ಲಿ ತಂದದ್ದು 18 ವರ್ಷಗಳ ನಂತರ. ಮುಂಬೈಯ ರಾಕ್ ತಂಡ ಇಂಡಸ್ ಕ್ರೀಡ್ 1995ರ ಆಲ್ಬಂ ಆದ ಮೇಲೆ ‘ಇವಾಲ್ವ್’ ತಂದದ್ದು 2012ರಲ್ಲಿ. ಇಷ್ಟು ವರ್ಷ ಕಳೆದರೂ ಬೆರಳಿಗೆ ಅಭ್ಯಾಸ ಬೇಗ ಮರಳುತ್ತದೆ. ಗಂಟಲು ಮಾತ್ರ ಹಾಗಲ್ಲ. ಆದ್ದರಿಂದ ಮರಳಿ ಬರುವ ತಂಡ ಮೊದಲು ತೀರ್ಮಾನಿಸಬೇಕಾದದ್ದು ಶ್ರುತಿಯನ್ನು. ಸ್ಟುಡಿಯೋ ಯಾವುದು, ಮೈಕ್ ಯಾವುದು ಎಂಬುದೆಲ್ಲ ಆಮೇಲಿನ ಮಾತು.

ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾರ್ಮೋನಿಯಂನ ಬಿಳಿ ಐದರ ಶ್ರುತಿಯಲ್ಲಿ ಹಾಡುತ್ತಿದ್ದ ಯಕ್ಷಗಾನದ ಭಾಗವತರು ವಯಸ್ಸಾದ ಮೇಲೆ ಕಪ್ಪು ಮೂರಕ್ಕೆ ಇಳಿದರೆ ಮದ್ದಳೆಯೂ ಆ ಶ್ರುತಿಗೆ ಹೊಂದಿಕೊಳ್ಳುತ್ತದೆ, ಆಟ ನಡೆಯುತ್ತದೆ. ರಾಕ್‌ನಲ್ಲಿ ಮಾತ್ರ ಇಪ್ಪತ್ತೈದರ ವಯಸ್ಸಿನ ಶ್ರುತಿಯನ್ನೇ ಹಿಡಿದು ಜಗ್ಗುತ್ತಾರೆ. ಸ್ವರ ಮುಟ್ಟಿದರೂ ಅದರಲ್ಲಿ ಕಸುವು ಇರುವುದಿಲ್ಲ. ಪರೀಕ್ಷೆ ಸುಲಭ: ಇಡೀ ಹಾಡನ್ನು ಬಿಡುವು ಕೊಡದೆ ಮೂರು ಸಲ ಹಾಡಿಸಿ. ಮೂರನೆಯ ಸಲವೂ ಪಲ್ಲವಿಯ ಮೇಲಿನ ಸ್ವರ ನಿಂತರೆ ಆ ಶ್ರುತಿ ಸರಿ. ಇಲ್ಲವಾದರೆ ಅರ್ಧ ಸ್ವರ (ಹಾರ್ಮೋನಿಯಂನಲ್ಲಿ ಪಕ್ಕದ ಒಂದು ಮನೆಯಷ್ಟು) ಇಳಿಸಿ, ಇನ್ನೊಮ್ಮೆ ನೋಡಿ.

ಶ್ರುತಿ ಇಳಿಸಿದಾಗ ಗಿಟಾರ್‌ನಲ್ಲಿ ಏನಾಗುತ್ತದೆ? ತಂತಿಯ ಬಿಗಿತ ಕಂಪನಾಂಕದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಅರ್ಧ ಸ್ವರ ಇಳಿಸಿದರೆ ಸುಮಾರು 11 ಶೇಕಡ ಬಿಗಿತ ಕಡಿಮೆ, ಒಂದು ಪೂರ್ತಿ ಸ್ವರ ಇಳಿಸಿದರೆ ಸುಮಾರು 21 ಶೇಕಡ. ಹಳೆಯ 10ರ ಸೆಟ್ಟನ್ನೇ (ಅತಿ ತೆಳು ತಂತಿ ಇಂಚಿನ ಸಾವಿರದ 10 ಭಾಗ ದಪ್ಪ ಇರುವುದು) ಬಿಟ್ಟರೆ ತಂತಿ ಸಡಿಲವಾಗಿ ಫ್ರೆಟ್‌ಗೆ, ಅಂದರೆ ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗೆ, ತಾಗಿ ಜಿರ್ ಎನ್ನುತ್ತದೆ, ಜೋರಾಗಿ ಬಾರಿಸಿದ ಕೂಡಲೇ ಸ್ವರ ಮೇಲಕ್ಕೆ ಹಾರುತ್ತದೆ. ಅರ್ಧ ಸ್ವರಕ್ಕೆ 10.5ರ ಸೆಟ್, ಪೂರ್ತಿ ಸ್ವರಕ್ಕೆ 11ರ ಸೆಟ್ ಹಾಕಿದರೆ ಬಿಗಿತ ಹೆಚ್ಚುಕಡಿಮೆ ಮೊದಲಿನಷ್ಟೇ ಬರುತ್ತದೆ. ತಂತಿ ದಪ್ಪವಾದದ್ದರಿಂದ ನಟ್‌ನ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತದೆಯೇ ನೋಡಿ. ಕುತ್ತಿಗೆಯ ಬಾಗು ಸರಿಪಡಿಸುವ ಒಳಸರಳು, ಟ್ರಸ್ ರಾಡ್, ತಿರುಗಿಸಬೇಕಾಗಿ ಬಂದರೆ ಒಂದು ಸಲಕ್ಕೆ ಕಾಲು ಸುತ್ತು ಸಾಕು. ಕೊನೆಗೆ 12ನೇ ಫ್ರೆಟ್‌ನಲ್ಲಿ ಇಂಟೋನೇಷನ್ (ಪ್ರತಿ ಫ್ರೆಟ್‌ನಲ್ಲೂ ಸ್ವರ ಸರಿಯಾಗಿ ಬರುವಂತೆ ತಂತಿಯ ಉದ್ದ ಹೊಂದಿಸುವುದು) ಸರಿಮಾಡಿ. ಈ ಕೆಲಸ ಬಿಟ್ಟರೆ ರೆಕಾರ್ಡಿಂಗ್‌ನಲ್ಲಿ ಎರಡು ಗಿಟಾರ್‌ಗಳು ಒಂದಕ್ಕೊಂದು ಸೇರುವುದೇ ಇಲ್ಲ, ತಪ್ಪು ಎಲ್ಲಿದೆಯೆಂದೂ ಗೊತ್ತಾಗುವುದಿಲ್ಲ.

ನಮ್ಮ ಹವೆಯ ಕಾಟ ಬೇರೆ. ಕಂಡೆನ್ಸರ್ ಮೈಕ್‌ನ ಒಳಪದರಕ್ಕೆ ತೇವ ಹಿಡಿದರೆ ವಿದ್ಯುತ್ ಸೋರಿ ಚಟಪಟ ಸದ್ದು ಬರುತ್ತದೆ. ಕೆಲಸ ಮುಗಿದೊಡನೆ ಸಿಲಿಕಾ ಜೆಲ್ ಇರುವ ಡಬ್ಬಿಗೆ ಹಾಕಿಡಿ. ವರ್ಷಗಟ್ಟಲೆ ಅಟ್ಟದಲ್ಲಿದ್ದ ವಾಲ್ವ್ ಆಂಪ್ಲಿಫೈಯರನ್ನು ನೇರ ಪ್ಲಗ್ ಹಾಕಿ ಆನ್ ಮಾಡಲೇಬೇಡಿ. ಒಳಗೆ ವಿದ್ಯುತ್ ಹಿಡಿದಿಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಕೆಟ್ಟಿದ್ದರೆ ಸಿಡಿಯಬಹುದು. ಪ್ಲಗ್ ತೆಗೆದ ಮೇಲೂ ಅದರಲ್ಲಿ ನೂರಾರು ವೋಲ್ಟ್ ಉಳಿದಿರಬಹುದು, ಜೀವಕ್ಕೇ ಅಪಾಯ. ಕೆಲಸ ಬಲ್ಲವರೇ ಬಿಚ್ಚಬೇಕು.

ಇನ್ನು, ತಂಡದಲ್ಲಿ ಒಬ್ಬರು ಇಲ್ಲವಾಗಿದ್ದರೆ? ಆಸ್ಟ್ರೇಲಿಯಾದ ರಾಕ್ ತಂಡ ಎಸಿ/ಡಿಸಿಯ ಗಿಟಾರ್ ವಾದಕ ಮಾಲ್ಕಮ್ ಯಂಗ್ 2017ರಲ್ಲಿ ತೀರಿಕೊಂಡರು. 2020ರ ‘ಪವರ್ ಅಪ್’ ಹಾಡುಗಳನ್ನು ತಮ್ಮ ಆಂಗಸ್ ಕಟ್ಟಿದ್ದು ಅಣ್ಣನ ಜತೆ ಮೊದಲೇ ಮಾಡಿಟ್ಟಿದ್ದ ರಿಫ್‌ಗಳಿಂದ, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳಿಂದ. ಅಗಲಿದವರಿಗೆ ಇದಕ್ಕಿಂತ ದೊಡ್ಡ ಗೌರವ ಇರಲಾರದು. ನಿಮ್ಮಲ್ಲೂ ಹಳೆಯ ರಿಹರ್ಸಲ್ ಕ್ಯಾಸೆಟ್‌ಗಳು ಇರುತ್ತವೆ. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಪ್ಲೇಯರ್‌ಗೆ ಹಾಕಬೇಡಿ. ಅದು ಟೇಪ್ ಓದುವ ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಚೆನ್ನಾಗಿರುವುದನ್ನು ಹಾಕುವ ಮೊದಲು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಹೆಡ್ ಒರೆಸಿ. ಪ್ಲೇಯರ್‌ನಿಂದ ಪ್ಲೇಯರ್‌ಗೆ ವೇಗ ಬೇರೆಯಿರುವುದರಿಂದ ಅದರಲ್ಲಿ ಕೇಳಿಸುವ ಶ್ರುತಿಯನ್ನು ನಂಬಬೇಡಿ.

ಇಷ್ಟೆಲ್ಲ ಮಾಡಿ ಕೊನೆಯ ಹಂತದಲ್ಲಿ, ಅಂದರೆ ಮಿಕ್ಸ್ ಆದ ಹಾಡನ್ನು ಬಿಡುಗಡೆಗೆ ಸಿದ್ಧಪಡಿಸುವ ಮಾಸ್ಟರಿಂಗ್‌ನಲ್ಲಿ, ಹಾಳುಮಾಡಿಕೊಳ್ಳುವವರೇ ಹೆಚ್ಚು. ಮೆಟಾಲಿಕಾದ ‘ಡೆತ್ ಮ್ಯಾಗ್ನೆಟಿಕ್’ ಐದು ವರ್ಷಗಳ ಅಂತರದ ಮೇಲೆ 2008ರಲ್ಲಿ ಬಂದಾಗ ಜೋರು ಕೇಳಿಸಲೆಂದು ಸಿ.ಡಿ.ಯ ಸದ್ದಿನ ಏರಿಳಿತವನ್ನು ಎಷ್ಟು ಹಿಂಡಿದ್ದರೆಂದರೆ ಡ್ರಮ್ಸ್‌ನ ಪೆಟ್ಟೇ ಒಡೆದು ಕೇಳುತ್ತಿತ್ತು. ಅವೇ ಹಾಡುಗಳು ‘ಗಿಟಾರ್ ಹೀರೊ’ ವೀಡಿಯೊ ಗೇಮ್‌ನಲ್ಲಿ ಹೆಚ್ಚು ತೆರೆದು ಕೇಳಿಸಿದವು, ಅಭಿಮಾನಿಗಳು ಮರು ಮಿಕ್ಸಿಂಗ್‌ಗೆ ಮನವಿಯನ್ನೇ ಸಲ್ಲಿಸಿದರು. ಈಗಂತೂ ಹಿಂಡಿ ಲಾಭವಿಲ್ಲ. ಸ್ಪಾಟಿಫೈ ಸಾಮಾನ್ಯವಾಗಿ ಹಾಡನ್ನು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳಿಸುವ ಜೋರಿನ ಅಳತೆ) ತಂದು ನುಡಿಸುತ್ತದೆ. ನೀವು ಮೈನಸ್ 6ಕ್ಕೆ ಮಾಡಿ ಕೊಟ್ಟರೆ ಅದು 8 ಡೆಸಿಬೆಲ್ ತಗ್ಗಿಸುತ್ತದೆ. ಜೋರು ಹೋಗುತ್ತದೆ, ಹಿಂಡಿದ ಗಾಯ ಉಳಿಯುತ್ತದೆ. ಮಾಸ್ಟರ್ ಕೈಗೆ ಬಂದಾಗ ಮಿಕ್ಸನ್ನೂ ಮಾಸ್ಟರನ್ನೂ ಒಂದೇ ಜೋರಿಗೆ ತಂದು ಪಕ್ಕಪಕ್ಕ ಕೇಳಿ. ಸ್ನೇರ್ ಡ್ರಮ್‌ನ ಪೆಟ್ಟು ಮಿಕ್ಸ್‌ನಲ್ಲಿ ಎದೆಗೆ ತಾಗಿ ಮಾಸ್ಟರ್‌ನಲ್ಲಿ ತಾಗದಿದ್ದರೆ ಫೈಲನ್ನು ಹಿಂದಕ್ಕೆ ಕಳಿಸಿ.